‘ಇನ್ ನೋ ಟೈಮ್’, ‘ಅಟ್ ನೋ ಟೈಮ್’: ಪದ ಹಿಂದುಮುಂದಾದರೆ ಅರ್ಥವೂ ಬದಲಾಗುತ್ತದೆಯೇ?

ಗೆಳೆಯರಿಗೆಲ್ಲ ನಮಸ್ಕಾರ.

ಹೋದ ವಾರ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಪಕ್ಕ ಒಂದು ನೋಟಿಸ್ ಅಂಟಿಸಿದ್ದರು. ಹಾಲ್ ಬಾಡಿಗೆಗೆ ಹಿಡಿಯುವವರು ಕಟ್ಟುವ ಡೆಪಾಸಿಟ್ ಬಗ್ಗೆ. ಅದರಲ್ಲಿ ಒಂದು ಸಾಲು ಹೀಗಿತ್ತು: ‘ಇನ್ ನೋ ಟೈಮ್ ವಿಲ್ ದ ಡೆಪಾಸಿಟ್ ಬಿ ರಿಫಂಡೆಡ್ ಇನ್ ಕ್ಯಾಶ್.’ ಆಗಷ್ಟೇ ಮೊಮ್ಮಗಳ ನಾಮಕರಣ ಮುಗಿಸಿದ್ದ ಕೆಳಮನೆಯ ರಾಯರು ಅದನ್ನು ಓದಿ, ‘ಕೂಡಲೇ ಕ್ಯಾಶ್ ಕೊಡ್ತಾರಂತೆ’ ಎಂದು ಖುಷಿಯಿಂದ ಆಫೀಸಿಗೆ ಹೋದರು. ಅಲ್ಲಿದ್ದವರು, ‘ಕ್ಯಾಶ್ ಕೊಡೋದೇ ಇಲ್ಲ ಅಂತ ಬರೆದಿದೆಯಲ್ಲ ಸಾರ್’ ಎಂದರು. ಇಬ್ಬರೂ ಅದೇ ಸಾಲಿನ ಮೇಲೆ ಬೆರಳಿಟ್ಟು ವಾದಿಸುತ್ತಿದ್ದರು. ಕೊನೆಗೆ ಪಂಚಾಯಿತಿ ನನ್ನ ಹತ್ತಿರ ಬಂತು. ಇಂಗ್ಲಿಷ್ ಕಾಗದಗಳನ್ನು ಕನ್ನಡಕ್ಕೆ ಮಾಡಿಕೊಡುವುದು ನನ್ನ ಕೆಲಸ ಎಂದು ಇಬ್ಬರಿಗೂ ಗೊತ್ತಿತ್ತು.

ತಮಾಷೆ ಏನೆಂದರೆ, ಇಬ್ಬರ ಕಡೆಯೂ ಸಾಕ್ಷಿ ಇತ್ತು. ‘ಇನ್ ನೋ ಟೈಮ್’ ಎಂದರೆ ಕ್ಷಣದಲ್ಲಿ, ಚಿಟಿಕೆ ಹೊಡೆಯುವಷ್ಟರಲ್ಲಿ. ಅದು ರಾಯರ ಸಾಕ್ಷಿ. ಆದರೆ ಆ ಮಾತಿನ ಹಿಂದೆಯೇ ‘ವಿಲ್ ದ ಡೆಪಾಸಿಟ್’ ಬಂದಿದೆ. ‘ದ ಡೆಪಾಸಿಟ್ ವಿಲ್’ ಅಲ್ಲ. ಇಲ್ಲಿ ಕ್ರಿಯಾಪದ ಕರ್ತೃವನ್ನು ದಾಟಿ ಮುಂದೆ ಹೋಗಿ ನಿಂತಿದೆ. ‘ನೋ’ ಇರುವ ಮಾತು ಮೊದಲು ಬಂದು ಕ್ರಿಯಾಪದ ಹಾಗೆ ನಿಂತರೆ ಇಡೀ ವಾಕ್ಯ ‘ಇಲ್ಲ’ ಎನ್ನುತ್ತಿದೆ ಎಂದು ಅರ್ಥ. ಅದು ಆಫೀಸಿನವರ ಸಾಕ್ಷಿ. ಬರೆದವರ ಮನಸ್ಸಿನಲ್ಲಿ ಇದ್ದದ್ದು ‘ಅಟ್ ನೋ ಟೈಮ್’, ಅಂದರೆ ‘ಎಂದಿಗೂ ಇಲ್ಲ’. ಒಂದೇ ಒಂದು ಸಣ್ಣ ಪದ ತಪ್ಪಿತ್ತು. ವಾಕ್ಯದ ಮೈಕಟ್ಟು ಮಾತ್ರ ಸರಿಯಾಗಿಯೇ ಇತ್ತು.

ಈ ಜಗಳದ ನೆಪದಲ್ಲಿ ಬಹಳ ದಿನದಿಂದ ತಲೆಯಲ್ಲಿದ್ದ ವಿಷಯ ಕೇಳೋಣ ಎಂದುಕೊಂಡೆ. ಔಪಚಾರಿಕ ಇಂಗ್ಲಿಷಿನ ಈ ‘ಇನ್ವರ್ಷನ್’ ಬಗ್ಗೆ ನಮಗೆ ಶಾಲೆಯಲ್ಲಿ ಹೇಳಿಕೊಟ್ಟದ್ದು ಒಂದೇ ಮಾತು: ಒತ್ತು ಕೊಡಲು ಪದ ಹಿಂದುಮುಂದು ಮಾಡುತ್ತಾರೆ. ಸುಮ್ನೆ ಒಂದು ಅಲಂಕಾರ ಎನ್ನುವ ಹಾಗೆ. ನನಗೆ ಅನ್ನಿಸುವುದು, ಅದು ಅರ್ಧ ಸತ್ಯ ಮಾತ್ರ. ಒತ್ತು ಸಿಗುತ್ತದೆ ನಿಜ. ಆದರೆ ಜೊತೆಗೆ ಅರ್ಥವೂ ತಿರುಗುತ್ತದೆ.

ಈ ಎರಡು ವಾಕ್ಯ ನೋಡಿ.

‘ಓನ್ಲಿ ಯೆಸ್ಟರ್‌ಡೇ ಐ ಸಾ ಹಿಮ್.’
‘ಓನ್ಲಿ ಯೆಸ್ಟರ್‌ಡೇ ಡಿಡ್ ಐ ಸೀ ಹಿಮ್.’

ಮೊದಲನೆಯದು ‘ನಿನ್ನೆ ತಾನೇ ಅವನನ್ನು ನೋಡಿದೆನಲ್ಲ!’ ಎನ್ನುವುದು. ನೋಡಿ ಜಾಸ್ತಿ ದಿನ ಆಗಿಲ್ಲ ಎಂದು ಅದರ ಭಾವ. ಯಾರೋ ತೀರಿಕೊಂಡ ಸುದ್ದಿ ಬಂದಾಗ ಹೇಳುವ ಮಾತು. ಎರಡನೆಯದು ‘ನಾನು ಅವನನ್ನು ನೋಡಿದ್ದೇ ನಿನ್ನೆ’. ಅಂದರೆ ಅದಕ್ಕೆ ಮೊದಲು ನೋಡಿರಲೇ ಇಲ್ಲ. ಹೊರಗೆ ಕಾಣುವ ‘ಇಲ್ಲ’ ಎಲ್ಲೂ ಇಲ್ಲ, ಆದರೂ ಒಳಗೆ ಒಂದು ‘ಇಲ್ಲ’ ಕೂತಿದೆ. ಅದನ್ನು ತೋರಿಸುವುದೇ ಆ ‘ಡಿಡ್ ಐ’. ಕನ್ನಡದಲ್ಲಿ ಇದೇ ಕೆಲಸವನ್ನು ‘ತಾನೇ’ ಮತ್ತು ‘ನೋಡಿದ್ದೇ’ ಹಂಚಿಕೊಂಡು ಮಾಡುತ್ತವೆ. ಎಷ್ಟು ಚೆನ್ನಾಗಿ ಮಾಡುತ್ತವೆ ನೋಡಿ. ನಮಗೆ ಪದಗಳನ್ನು ಎತ್ತಿ ಅತ್ತಿತ್ತ ಇಡುವ ಕಷ್ಟವೇ ಇಲ್ಲ.

ಇನ್ನೊಂದು ಜೋಡಿ. ‘ವಿತ್ ನೋ ಹೆಲ್ಪ್, ಹಿ ಕುಡ್ ಡು ಇಟ್’ ಎಂದರೆ ಯಾರ ಸಹಾಯವೂ ಇಲ್ಲದೆ ಅವನು ಅದನ್ನು ಮಾಡಬಲ್ಲವನಾಗಿದ್ದ. ‘ವಿತ್ ನೋ ಹೆಲ್ಪ್ ಕುಡ್ ಹಿ ಡು ಇಟ್’ ಎಂದರೆ ಯಾರು ಎಷ್ಟು ಸಹಾಯ ಮಾಡಿದರೂ ಅವನ ಕೈಲಿ ಆಗುತ್ತಿರಲಿಲ್ಲ. ಪದಗಳು ಅವೇ. ಅಲ್ಪವಿರಾಮ ಬಿಟ್ಟರೆ ‘ಹಿ’ ಮತ್ತು ‘ಕುಡ್’ ಜಾಗ ಬದಲಿಸಿವೆ, ಅಷ್ಟೆ. ಅರ್ಥ ತಲೆಕೆಳಗು. ಮೊದಲನೆಯದರಲ್ಲಿ ‘ನೋ’ ತನ್ನ ಪಕ್ಕದ ‘ಹೆಲ್ಪ್’ ಅನ್ನು ಮಾತ್ರ ಇಲ್ಲವಾಗಿಸುತ್ತದೆ. ಎರಡನೆಯದರಲ್ಲಿ ಇಡೀ ವಾಕ್ಯವನ್ನೇ ಹಿಡಿದುಕೊಳ್ಳುತ್ತದೆ.

ಅನುಮಾನ ಬಂದರೆ ವಾಕ್ಯದ ಬಾಲಕ್ಕೆ ‘ಅಲ್ವಾ’ ಸೇರಿಸಿ ನೋಡುವ ಉಪಾಯವೊಂದಿದೆ. ‘ಇನ್ ನೋ ಟೈಮ್ ವಿ ವರ್ ದೇರ್’ ಎಂಬುದಕ್ಕೆ ‘ವರಂಟ್ ವಿ?’ ಎಂಬ ಬಾಲ ಹೊಂದುತ್ತದೆ. ‘ಅಟ್ ನೋ ಟೈಮ್ ವರ್ ವಿ ದೇರ್’ ಎಂಬುದಕ್ಕೆ ‘ವರ್ ವಿ?’ ಎಂಬ ಬಾಲ. ಇಂಗ್ಲಿಷಿನಲ್ಲಿ ಹೌದು ಎನ್ನುವ ವಾಕ್ಯಕ್ಕೆ ಇಲ್ಲ ಎನ್ನುವ ಬಾಲ, ಇಲ್ಲ ಎನ್ನುವುದಕ್ಕೆ ಹೌದು ಎನ್ನುವ ಬಾಲ. ನೋಟಿಸಿನ ಸಾಲಿಗೆ ಈ ಪರೀಕ್ಷೆ ಮಾಡಲು ಹೋದರೆ ಯಾವ ಬಾಲವೂ ನೆಟ್ಟಗೆ ಕೂರುವುದಿಲ್ಲ.

ಎಲ್ಲಿ ತಿರುಗಿಸಬೇಕು, ಎಲ್ಲಿ ಕೂಡದು ಎಂಬುದರಲ್ಲಿ ನಮ್ಮವರು ಎಡವುವುದು ಮುಖ್ಯವಾಗಿ ಎರಡು ಕಡೆ. ‘ಓನ್ಲಿ’ ಕರ್ತೃವಿಗೇ ಅಂಟಿಕೊಂಡಿದ್ದರೆ ತಿರುಗಿಸುವಂತಿಲ್ಲ. ‘ಓನ್ಲಿ ರಾಮ ಕೇಮ್’, ಅಷ್ಟೆ. ಇನ್ನೊಂದು ಎಡವಟ್ಟು ಉದ್ದ ವಾಕ್ಯಗಳಲ್ಲಿ. ‘ಓನ್ಲಿ ವೆನ್ ಹಿ ಕೇಮ್ ಡಿಡ್ ಐ ಲೀವ್’ ಸರಿ. ಆದರೆ ‘ಓನ್ಲಿ’ ಕಂಡ ಗಾಬರಿಗೆ ‘ಓನ್ಲಿ ವೆನ್ ಡಿಡ್ ಹಿ ಕಮ್’ ಎಂದು ಮೊದಲ ತುಂಡನ್ನೇ ತಿರುಗಿಸಿಬಿಡುತ್ತೇವೆ. ತಿರುಗಬೇಕಾದದ್ದು ಮುಖ್ಯ ವಾಕ್ಯ. ಐಇಎಲ್‌ಟಿಎಸ್ ಪರೀಕ್ಷೆಗೆ ಓದುವ ಮಕ್ಕಳ ಪ್ರಬಂಧಗಳನ್ನು ಆಗಾಗ ತಿದ್ದಿಕೊಡುತ್ತೇನೆ. ಪ್ರತಿ ಪ್ಯಾರಾಕ್ಕೂ ಒಂದು ‘ನಾಟ್ ಓನ್ಲಿ’. ಊಟದ ಎಲೆಗೆ ಬರೀ ಉಪ್ಪಿನಕಾಯಿ ಬಡಿಸಿದ ಹಾಗೆ. ಒಂದು ಪ್ರಬಂಧಕ್ಕೆ ಒಂದು ಸಲ ಸಾಕು ಎಂದು ನನ್ನ ಲೆಕ್ಕ.

ನಮಗೆ ಇದು ಯಾಕೆ ಕಷ್ಟ ಎಂದರೆ, ಕನ್ನಡದಲ್ಲಿ ಪ್ರಶ್ನೆ ಕೇಳುವಾಗಲೂ ಪದ ಅಲುಗಾಡಬೇಕಿಲ್ಲ. ‘ನೀನು ಏನು ಮಾಡುತ್ತಿದ್ದೀಯ?’ ಎಲ್ಲ ತಂತಮ್ಮ ಜಾಗದಲ್ಲೇ. ಹಾಗಾಗಿ ನಮ್ಮ ಬಾಯಲ್ಲಿ ‘ವಾಟ್ ಯು ಆರ್ ಡೂಯಿಂಗ್?’ ಬರುತ್ತದೆ. ತಿರುಗಿಸಬೇಕಾದಲ್ಲಿ ತಿರುಗಿಸುವುದಿಲ್ಲ. ಇನ್ನೊಂದು ಕಡೆ ‘ಟೆಲ್ ಮಿ ವೇರ್ ಇಸ್ ದ ಸ್ಟೇಷನ್’ ಎನ್ನುತ್ತೇವೆ. ಅಲ್ಲಿ ತಿರುಗಿಸಬಾರದು.

ಇಂಗ್ಲಿಷಿಗಾದರೂ ಈ ಚಾಳಿ ಎಲ್ಲಿಂದ ಬಂತು? ಹಳೆಯ ಇಂಗ್ಲಿಷಿನಲ್ಲಿ ವಾಕ್ಯದ ಮೊದಲಿಗೆ ಬೇರೆ ಏನೇ ಬಂದರೂ, ಬಹಳ ಸಲ ಕ್ರಿಯಾಪದ ಎರಡನೆಯ ಜಾಗಕ್ಕೆ ಬರುತ್ತಿತ್ತು. ಜರ್ಮನ್ ಭಾಷೆಯಲ್ಲಿ ಇಂದಿಗೂ ಅದೇ ನಿಯಮ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿತವರಿಗೆ ‘ಹಾಯ್ಟ ಗೇಯ ಇಖ್’, ಅಂದರೆ ‘ಇವತ್ತು ಹೋಗುತ್ತೇನೆ ನಾನು’, ನೆನಪಿರಬೇಕು. ಇಂಗ್ಲಿಷ್ ಆ ನಿಯಮವನ್ನು ನಿಧಾನವಾಗಿ ಕಳೆದುಕೊಂಡಿತು. 1611ರ ಬೈಬಲ್ ಅನುವಾದದಲ್ಲಿ ‘ಗ್ರೇಟರ್ ಲವ್ ಹ್ಯಾತ್ ನೋ ಮ್ಯಾನ್ ದ್ಯಾನ್ ದಿಸ್’ ಎಂದಿದೆ. ಕರ್ಮ ಮೊದಲು, ಆಮೇಲೆ ಕ್ರಿಯಾಪದ, ಆಮೇಲೆ ಕರ್ತೃ. ಇವತ್ತು ಯಾರೂ ಹಾಗೆ ಬರೆಯುವುದಿಲ್ಲ. ಆದರೆ ‘ನೆವರ್’, ‘ಸೆಲ್ಡಮ್’, ‘ಹಾರ್ಡ್ಲಿ’ ತರಹದ ‘ಇಲ್ಲ’ದ ಪದಗಳು ಮುಂದೆ ಬಂದಾಗ ಹಳೆಯ ಪದ್ಧತಿ ಗಟ್ಟಿಯಾಗಿ ಉಳಿದುಕೊಂಡಿತು.

ಅದರ ಬಲ ನೋಡಬೇಕೆಂದರೆ ಚರ್ಚಿಲ್ 1940ರ ಆಗಸ್ಟ್ 20ರಂದು ಬ್ರಿಟಿಷ್ ಸಂಸತ್ತಿನಲ್ಲಿ ಯುದ್ಧ ವಿಮಾನದ ಪೈಲಟ್‌ಗಳ ಬಗ್ಗೆ ಆಡಿದ ಮಾತು ಇದೆ: ‘ನೆವರ್ ಇನ್ ದ ಫೀಲ್ಡ್ ಆಫ್ ಹ್ಯೂಮನ್ ಕಾನ್‌ಫ್ಲಿಕ್ಟ್ ವಾಸ್ ಸೋ ಮಚ್ ಓವ್ಡ್ ಬೈ ಸೋ ಮೆನಿ ಟು ಸೋ ಫ್ಯೂ.’ ‘ನೆವರ್’ ಮೊದಲಿಗೆ ಬಂದು ಬಾಗಿಲು ಹಾಕಿತು. ‘ಫ್ಯೂ’ ಕಡೆಗೆ ಬಂದು ಕೂತಿತು. ನಡುವಿನದೆಲ್ಲ ಆ ಪದದ ಕಡೆಗೆ ಇಳಿಜಾರು. ಇದನ್ನು ಕನ್ನಡಕ್ಕೆ ತರುವಾಗ ‘ಎಂದಿಗೂ’ ಎಂದು ಶುರು ಮಾಡಿದರೆ ಕೆಟ್ಟಿತು. ನಾನು ಹೀಗೆ ಮಾಡಿದೆ: ‘ಬೆರಳೆಣಿಕೆಯ ಮಂದಿಗೆ ಇಷ್ಟೊಂದು ಜನ ಇಷ್ಟೆಲ್ಲ ಋಣಿಗಳಾದದ್ದು ಮನುಷ್ಯರ ಯುದ್ಧಗಳಲ್ಲೇ ಇಲ್ಲ.’ ಅವರ ‘ನೆವರ್’ ನಮ್ಮಲ್ಲಿ ಕೊನೆಯ ‘ಇಲ್ಲ’ ಆಯಿತು. ‘ಬೆರಳೆಣಿಕೆ’ ಮುಂದೆ ಬಂತು. ಅವರ ತಲೆ ನಮ್ಮ ಕಾಲು. ಇದಕ್ಕಿಂತ ಚೆನ್ನಾಗಿ ಮಾಡುವವರು ಖಂಡಿತ ಇದ್ದೀರಿ, ತಿದ್ದಿ.

ಹಾಗೆಂದು ಗಂಭೀರ ಮಾತಿಗೆಲ್ಲ ಇನ್ವರ್ಷನ್ ಬೇಕೇ ಬೇಕೆಂದೇನೂ ಇಲ್ಲ. 1947ರ ಆಗಸ್ಟ್ 14ರ ರಾತ್ರಿ ನೆಹರೂ ಮಾಡಿದ ಭಾಷಣದಲ್ಲಿ ‘ಎ ಮೊಮೆಂಟ್ ಕಮ್ಸ್, ವಿಚ್ ಕಮ್ಸ್ ಬಟ್ ರೇರ್ಲಿ ಇನ್ ಹಿಸ್ಟರಿ’ ಎಂದು ಬರುತ್ತದೆ. ‘ರೇರ್ಲಿ ಡಸ್ ಎ ಮೊಮೆಂಟ್ ಕಮ್’ ಎನ್ನಬಹುದಿತ್ತು. ಅನ್ನಲಿಲ್ಲ. ‘ರೇರ್ಲಿ’ ಹಿಂದೆಯೇ ಉಳಿಯಿತು, ಮಾತು ತಣ್ಣಗೆ ಹರಿಯಿತು. ಇನ್ನು ಕೆನಡಿಯ 1961ರ ‘ಆಸ್ಕ್ ನಾಟ್’ ಅನ್ನು ಕೆಲವರು ಇದೇ ಸಾಲಿಗೆ ಸೇರಿಸುತ್ತಾರೆ. ಅದು ಬೇರೆ. ‘ಡೋಂಟ್ ಆಸ್ಕ್’ ಎನ್ನುವುದರ ಹಳೆಯ ರೂಪ ಅಷ್ಟೆ, ಅಲ್ಲಿ ಕರ್ತೃವೇ ಕಾಣಿಸಿಕೊಳ್ಳುವುದಿಲ್ಲ.

ಇನ್ವರ್ಷನ್ ಎಲ್ಲ ಕೋಟು ಹಾಕಿಕೊಂಡೇ ಬರುತ್ತದೆ ಎಂದೂ ಅಲ್ಲ. ‘ನೋ ವೇ ಆಮ್ ಐ ಗೋಯಿಂಗ್’ ಹುಡುಗರ ಮಾತು. ‘ಹಿಯರ್ ಕಮ್ಸ್ ದ ಬಸ್’ ಎಲ್ಲರ ಮಾತು. ಈ ಕೊನೆಯದು ಮಾತ್ರ ನಮ್ಮ ‘ಬಂತು ನೋಡಿ ಬಸ್ಸು’ ಎನ್ನುವುದಕ್ಕೆ ಸರಿಯಾಗಿ ಹೊಂದುತ್ತದೆ. ಆದರೆ ಅವರಲ್ಲಿ ಬಹುಪಾಲು ಬರಹದ ಗತ್ತಾಗಿರುವುದು ನಮ್ಮಲ್ಲಿ ಮಾತಿನ ಸಲಿಗೆ. ‘ಬಂದ್ರು ಮೇಷ್ಟ್ರು’, ‘ಎಲ್ಲಿಗೆ ಹೋಗಿದ್ದೆ ನೀನು?’ ಇವನ್ನು ಸರ್ಕಾರಿ ಸುತ್ತೋಲೆಯಲ್ಲಿ ಬರೆದು ನೋಡಿ! ಹಾಡಿನಲ್ಲಾದರೆ ಒಪ್ಪುತ್ತದೆ. ‘ಜಗದೋದ್ಧಾರನ ಆಡಿಸಿದಳೆ ಯಶೋದೆ’ ಎಂದಾಗ ಯಶೋದೆ ಕೊನೆಗೆ ಬರುವುದೇ ಚೆಂದ.

ಅನುವಾದದಲ್ಲಿ ನನಗೆ ಉಪಯೋಗಕ್ಕೆ ಬಂದ ಕೆಲವು ಹೇಳುತ್ತೇನೆ. ‘ನೋ ಸೂನರ್ ಡಿಡ್ ಹಿ ಕಮ್ ದ್ಯಾನ್’ ಎಂಬುದಕ್ಕೆ ‘ಅವನು ಬಂದದ್ದೇ ತಡ’ ಇರುವಾಗ ‘ಬಂದ ಕೂಡಲೇ’ ಸಪ್ಪೆ. ‘ಓನ್ಲಿ ದೆನ್ ಡಿಡ್ ಐ ನೋ’ ಎಂದರೆ ‘ಗೊತ್ತಾಗಿದ್ದೇ ಆಗ’. ಕಾನೂನಿನ ‘ಅಂಡರ್ ನೋ ಸರ್ಕಮ್‌ಸ್ಟನ್ಸಸ್ ಶಲ್’ ಎಂಬುದಕ್ಕೆ ‘ಯಾವುದೇ ಸಂದರ್ಭದಲ್ಲಿಯೂ ತಕ್ಕದ್ದಲ್ಲ’ ಎಂಬ ಆಡಳಿತದ ಕನ್ನಡ ಇದೆ. ನನಗೆ ‘ಯಾವ ಕಾರಣಕ್ಕೂ ಕೂಡದು’ ಹೆಚ್ಚು ಇಷ್ಟ. ಪತ್ರಗಳ ಕೊನೆಯ ‘ಶುಡ್ ಯು ನೀಡ್’ ಎನ್ನುವುದು ಪ್ರಶ್ನೆಯೂ ಅಲ್ಲ, ಆಜ್ಞೆಯೂ ಅಲ್ಲ. ‘ಬೇಕಾದರೆ’ ಎಂದಷ್ಟೇ. ಒಮ್ಮೆ ಅವಸರದಲ್ಲಿ ‘ಶುಡ್ ಯು ವಿಶ್ ಟು ಕ್ಯಾನ್ಸಲ್’ ಎಂಬುದನ್ನು ‘ನೀವು ರದ್ದು ಮಾಡಬೇಕು’ ಎಂದು ಬರೆದು ಕಳಿಸಿ ನಾನೇ ಬೈಸಿಕೊಂಡಿದ್ದೇನೆ.

ಸಿಕ್ಕಿಹಾಕಿಕೊಂಡಿರುವುದು ಒಂದರಲ್ಲಿ: ‘ಲಿಟ್ಲ್ ಡಿಡ್ ಐ ನೋ.’ ಇದಕ್ಕೆ ‘ನನಗೆ ಸ್ವಲ್ಪವೇ ಗೊತ್ತಿತ್ತು’ ಎಂದು ಬರೆದದ್ದನ್ನು ನೋಡಿದ್ದೇನೆ. ಅದು ತಪ್ಪು. ಇಲ್ಲಿ ‘ಲಿಟ್ಲ್’ ಎಂದರೆ ಏನೇನೂ ಇಲ್ಲ ಎಂದು. ‘ನನಗೇನು ಗೊತ್ತಿತ್ತು’ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ‘ನನ್ನ ತಪ್ಪಲ್ಲ’ ಎಂಬ ಸಮಜಾಯಿಷಿಯ ದನಿ ಇದೆ. ‘ಕನಸಿನಲ್ಲೂ ಎಣಿಸಿರಲಿಲ್ಲ’ ಸ್ವಲ್ಪ ಜಾಸ್ತಿಯಾಯಿತು. ನನ್ನ ಅಜ್ಜಿ ಇಂಥ ಕಡೆ ‘ಯಾರು ಕಂಡಿದ್ರು?’ ಎನ್ನುತ್ತಿದ್ದರು. ಮುಂದೆ ಆಗುವುದರ ಸುಳಿವು, ಸ್ವಲ್ಪ ವ್ಯಂಗ್ಯ, ಎರಡೂ ಅದರಲ್ಲಿವೆ. ಆದರೆ ‘ನಾನು’ ಬಿಟ್ಟುಹೋಯಿತು.

ಧಾರವಾಡ, ಮಂಗಳೂರು, ಕಲಬುರಗಿ ಕಡೆಯವರು ಇಂಥ ಜಾಗದಲ್ಲಿ ಏನೆನ್ನುತ್ತೀರಿ? ತಿಳಿಸಿ. ನೋಟಿಸಿನ ಸಾಲನ್ನು ಈಗ ಬದಲಾಯಿಸಿದ್ದಾರೆ. ‘ಡೆಪಾಸಿಟ್ ಹಣ ಬ್ಯಾಂಕ್ ಖಾತೆಗೇ ಬರುತ್ತದೆ, ಕೈಗೆ ಕೊಡುವುದಿಲ್ಲ’ ಎಂದು, ಕನ್ನಡದಲ್ಲಿ. ರಾಯರ ದುಡ್ಡು ಇನ್ನೂ ಬಂದಿಲ್ಲ.