ಸೋರಿಯಾಸಿಸ್: ಮುಲಾಮಿನ ಆಚೆಗೆ ಏನಿದೆ?

ಪ್ರಶ್ನೆ (ಸಿಂಧನೂರು):
ನಮ್ಮ ತಂದೆಯವರಿಗೆ ಹಲವು ವರ್ಷಗಳಿಂದ ಮೊಣಕೈ, ಮೊಣಕಾಲು ಮತ್ತು ನೆತ್ತಿಯಲ್ಲಿ ಸೋರಿಯಾಸಿಸ್ (ಚರ್ಮದ ಮೇಲೆ ಹೊಟ್ಟು ಏಳುವ ದಪ್ಪ ಮಚ್ಚೆಗಳ ರೋಗ) ಇದೆ. ಔಷಧ ಅಂಗಡಿಯಲ್ಲಿ ಕೊಟ್ಟ ಮುಲಾಮು ಹಚ್ಚಿದರೆ ಇಳಿಯುತ್ತದೆ, ಬಿಟ್ಟ ಕೂಡಲೇ ಹೆಚ್ಚಾಗಿ ಮರಳುತ್ತದೆ. ಈಚೆಗೆ ಬೆಳಿಗ್ಗೆ ಬೆರಳ ಕೀಲುಗಳೂ ಬಿಗಿಯುತ್ತಿವೆ. ಪಂಕ್ತಿಯಲ್ಲಿ ಜನ ಪಕ್ಕಕ್ಕೆ ಕೂರಲು ಹಿಂಜರಿಯುವುದರಿಂದ ಅವರು ಮದುವೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಹೊಸ ಚಿಕಿತ್ಸೆಗಳ ಬಗ್ಗೆ ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ (ಬಳ್ಳಾರಿ):
ಮೊದಲು ಕೀಲುಗಳ ವಿಷಯ, ಏಕೆಂದರೆ ಅದೇ ತುರ್ತಿನದು. ಸೋರಿಯಾಸಿಸ್ ಇರುವ ಕೆಲವರಲ್ಲಿ ಸಂಧಿವಾತವೂ ಕಾಣಿಸಿಕೊಳ್ಳುತ್ತದೆ. ತಡಮಾಡಿದರೆ ಕೀಲುಗಳು ಶಾಶ್ವತವಾಗಿ ಹಾಳಾಗಬಹುದು. ಸೋರಿಯಾಸಿಸ್ ಅಂಟುರೋಗವಲ್ಲ, ದೇಹದ ರೋಗನಿರೋಧಕ ವ್ಯವಸ್ಥೆಯೇ ದಾರಿತಪ್ಪಿ ಚರ್ಮದ ಕೋಶಗಳನ್ನು ಅತಿವೇಗವಾಗಿ ಬೆಳೆಸುವ ಸ್ಥಿತಿ. ಇದರಲ್ಲಿ ಇಂಟರ್‌ಲ್ಯೂಕಿನ್ 17 ಮತ್ತು 23 ಎಂಬ ಸಂಕೇತ ಪ್ರೋಟೀನುಗಳ ಪಾತ್ರ ಸ್ಪಷ್ಟವಾದ ಮೇಲೆ, ಅವುಗಳಲ್ಲಿ ಒಂದನ್ನು ತಡೆಯುವ ಸೆಕುಕಿನುಮ್ಯಾಬ್‌ನಂತಹ ಚುಚ್ಚುಮದ್ದುಗಳು ಬಂದು ಅನೇಕರ ಚರ್ಮ ಬಹುತೇಕ ತಿಳಿಯಾಗಿದೆ. ರೋಗ ಬೇರುಸಹಿತ ಹೋಗುವುದಿಲ್ಲ, ಆದರೆ ಹತೋಟಿಯಲ್ಲಿರುತ್ತದೆ.

ಉತ್ತರ (ಕೊಪ್ಪಳ):
ಆ ಚುಚ್ಚುಮದ್ದುಗಳು ದುಬಾರಿ. ಆರಂಭಿಸುವ ಮೊದಲು ಕ್ಷಯರೋಗದ ಪರೀಕ್ಷೆಯೂ ಆಗಬೇಕು. ಮೆಥೋಟ್ರೆಕ್ಸೇಟ್ ಮಾತ್ರೆ ಅಗ್ಗವಾದದ್ದು, ಹಲವರಿಗೆ ಸಾಕಾಗುತ್ತದೆ. ಆದರೆ ಅದು ವಾರಕ್ಕೊಮ್ಮೆ ನುಂಗುವಂಥದ್ದು. ದಿನವೂ ನುಂಗಿದರೆ ಪ್ರಾಣಾಪಾಯವಾದೀತು, ಆದ್ದರಿಂದ ಚೀಟಿಯ ಮೇಲೆ ವಾರದ ಯಾವ ದಿನ ನುಂಗಬೇಕೆಂದು ದೊಡ್ಡದಾಗಿ ಬರೆಸಿಕೊಳ್ಳಿ. ಆಗಾಗ ರಕ್ತ ಪರೀಕ್ಷೆ ಮಾಡಿಸಿ, ಮದ್ಯಪಾನ ಬೇಡವೇ ಬೇಡ.

ಉತ್ತರ (ರಾಯಚೂರು):
ಅಂಗಡಿಯ ಮುಲಾಮಿನಲ್ಲಿ ಬಲವಾದ ಸ್ಟೀರಾಯ್ಡ್ ಇರುವ ಸಾಧ್ಯತೆ ಹೆಚ್ಚು, ಬಿಟ್ಟ ಕೂಡಲೇ ರೋಗ ಹೆಚ್ಚಾಗಿ ಮರಳಲು ಅದೇ ಕಾರಣವಿರಬಹುದು. ಕೊಳವೆಯನ್ನು ಚರ್ಮತಜ್ಞರಿಗೆ ತೋರಿಸಿ. 2014ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ವಿಶ್ವ ಆರೋಗ್ಯ ಸಭೆಯು ಸೋರಿಯಾಸಿಸ್ ಸಾಂಕ್ರಾಮಿಕವಲ್ಲವೆಂದು ನಿರ್ಣಯದಲ್ಲಿ ಹೇಳಿದೆ. ಮುಂದಿನ ಮದುವೆಯಲ್ಲಿ ತಂದೆಯವರ ಪಕ್ಕದಲ್ಲಿ ಮನೆಯವರೇ ಊಟಕ್ಕೆ ಕುಳಿತುಕೊಳ್ಳಿ.