ಫೋರ್ಕ್ ಮಾಡ್ತಾರ, ಆಮೇಲೆ ಪತ್ತೆ ಇಲ್ಲ: ಹೊಸಬರು ನಿಲ್ಲಬೇಕಂದ್ರ ಮೊದಲು ಏನು ಸರಿ ಮಾಡಬೇಕು?

ಹತ್ತಿಕಾಳು, ರಾಯಚೂರು

ಎಲ್ಲರಿಗೂ ನಮಸ್ಕಾರ. ಹತ್ತಿ, ಭತ್ತ, ಸೂರ್ಯಕಾಂತಿ ಮಾರೋ ರೈತರಿಗೆ ಚೀಲದ ತೂಕ, ತೇವಾಂಶದ ಕಡಿತ, ಹಮಾಲಿ ಎಲ್ಲಾ ಕಳೆದು ಕೈಗೆ ಎಷ್ಟು ಬರ್ತದ ಅಂತ ತೋರಿಸೋ ಸಣ್ಣ ವೆಬ್ ಆ್ಯಪ್ ಅದ. ಪೈಥಾನ್, ಫ್ಲಾಸ್ಕ್, ಡೇಟಾಬೇಸಿಗೆ ಪೋಸ್ಟ್‌ಗ್ರೆಸ್. ಎಂಐಟಿ ಲೈಸೆನ್ಸ್, ಕೋಡ್ ಗಿಟ್‌ಹಬ್‌ನಾಗ ಅದ. ಈ ಕಡೆ ಡಿಪ್ಲೊಮಾ, ಇಂಜಿನಿಯರಿಂಗ್ ಹುಡುಗ್ರು ಸೇರಲಿ ಅಂತ ಆಸೆ. ಫೋರ್ಕ್ ಮಾಡ್ತಾರ (ಕೋಡಿನ ನಕಲು ತಮ್ಮ ಅಕೌಂಟಿಗೆ ತಗೋತಾರ), ರೀಡ್‌ಮಿಯೊಳಗ, ಅಂದ್ರ ಪರಿಚಯದ ಫೈಲಿನಾಗ, ಒಂದು ಅಕ್ಷರ ತಿದ್ದಿ ಕಳಿಸ್ತಾರ, ಮುಗೀತು. ಸೆಟಪ್ ಎಲ್ಲಾ ಡಾಕರ್ (ಆ್ಯಪ್‌ಗೆ ಬೇಕಾದ್ದೆಲ್ಲಾ ಒಂದೇ ಡಬ್ಬಿಯೊಳಗ ಕಟ್ಟಿ ಓಡಿಸೋ ಸಾಧನ) ಮೇಲೆ ಅದ. ಹೊಸಬರು ಮಾಡಬಹುದಾದ ಇಶ್ಯೂಗಳಿಗೆ (ಮಾಡಬೇಕಾದ ಕೆಲಸದ ಟಿಪ್ಪಣಿಗೆ) ‘ಗುಡ್ ಫಸ್ಟ್ ಇಶ್ಯೂ’ ಲೇಬಲ್ಲೂ ಹಾಕೇವಿ.

ಮೊದಲು ಎಲ್ಲಿ ಕೈ ಹಾಕಬೇಕು? ಇಶ್ಯೂ ಕನ್ನಡದಾಗ ಬರೀಬೇಕೋ, ಇಂಗ್ಲಿಷಿನಾಗೋ? ಮುಂದಿನ ತಿಂಗಳು ಒಂದು ಕಾಲೇಜ್ ಲ್ಯಾಬಿನಾಗ ಅರ್ಧ ದಿನ ಕೂಡಿಸಿ ಮಾಡ್ಸೋ ವಿಚಾರ ಅದ. ಅಲ್ಲಿ ಏನೇನು ಕೈಕೊಡ್ತದ ಅಂತ ಗೊತ್ತಿದ್ದೋರು ಹೇಳ್ರಿ.

ಕೋಟೆಗುಡ್ಡ, ಬಳ್ಳಾರಿ

ಲೇಬಲ್ ಆಮೇಲೆ ನೋಡೋಣ. ಕೋಡ್ ಇಳಿಸಿಕೊಂಡವನು ಅರ್ಧ ಗಂಟೆಯಲ್ಲಿ ಒಂದು ಬಟನ್ನಿನ ಹೆಸರು ಬದಲಿಸಿ ಬ್ರೌಸರಿನಲ್ಲಿ ಕಣ್ಣಾರೆ ನೋಡಬೇಕು. ಅದಾಗದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ನಿಮ್ಮ ಮೊದಲ ಅಡ್ಡಿ ಡಾಕರ್. ವಿಂಡೋಸ್‌ನಲ್ಲಿ ಅದಕ್ಕೆ ಸಾಮಾನ್ಯವಾಗಿ ಡಬ್ಲ್ಯೂಎಸ್ಎಲ್ 2 (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ವ್ಯವಸ್ಥೆ) ಬೇಕು, ಬಯೋಸ್‌ನಲ್ಲಿ ವರ್ಚುವಲೈಸೇಶನ್ ಆನ್ ಇರಬೇಕು. ಲ್ಯಾಬ್ ಪಿಸಿಯ ಬಯೋಸ್‌ಗೆ ಪಾಸ್‌ವರ್ಡ್ ಇರುತ್ತೆ. ಹುಡುಗರ ಲ್ಯಾಪ್‌ಟಾಪಿನಲ್ಲಿ 4 ಜಿಬಿ ರ‍್ಯಾಮ್ ಇದ್ದರೆ ಡಬ್ಲ್ಯೂಎಸ್ಎಲ್ ಅದರಲ್ಲಿ ಅರ್ಧದವರೆಗೂ ತಗೊಳ್ಳಬಹುದು, ಮಷಿನ್ ಅಲ್ಲೇ ಕೂತುಬಿಡುತ್ತೆ. ಡೌನ್‌ಲೋಡ್ ಬೇರೆ ಜಿಬಿಗಟ್ಟಲೆ, ಅದೂ ಮೊಬೈಲ್ ಹಾಟ್‌ಸ್ಪಾಟ್ ಮೇಲೆ. ಡಾಕರ್ ಅಳಿಸಿ ಅಂತಲ್ಲ, ಪಕ್ಕದಲ್ಲೇ ಇನ್ನೊಂದು ದಾರಿ ಮಾಡಿ: ಬರೀ ಪೈಥಾನ್ ವರ್ಚುವಲ್ ಎನ್ವಿರಾನ್ಮೆಂಟ್ (ಈ ಪ್ರಾಜೆಕ್ಟಿನ ಪ್ಯಾಕೇಜುಗಳಿಗಷ್ಟೇ ಪ್ರತ್ಯೇಕ ಜಾಗ), ಪೋಸ್ಟ್‌ಗ್ರೆಸ್ ಬದಲು ಎಸ್‌ಕ್ಯೂಲೈಟ್, ಜೊತೆಗೆ 20 ಸಾಲಿನ ಮಾದರಿ ದತ್ತಾಂಶದ ಫೈಲು. ಪೋಸ್ಟ್‌ಗ್ರೆಸ್ ಮೇಲಿನ ಪರೀಕ್ಷೆ ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ (ಗಿಟ್‌ಹಬ್ ಸರ್ವರಿನಲ್ಲೇ ತಾನಾಗಿ) ಓಡಲಿ, ಹೊಸಬರ ತಲೆಗೆ ಕಟ್ಟಬೇಡಿ.

ಇನ್ನು ವಿಂಡೋಸಿನ ಮೂರು ಹಳ್ಳ. ಪವರ್‌ಶೆಲ್‌ನಲ್ಲಿ ಎನ್ವಿರಾನ್ಮೆಂಟ್ ಆಕ್ಟಿವೇಟ್ ಮಾಡಲು ಹೋದರೆ ‘ಸ್ಕ್ರಿಪ್ಟ್ ಓಡಿಸಲು ಅನುಮತಿ ಇಲ್ಲ’ ಎಂಬ ಕೆಂಪು ಎರರ್ ಬರುತ್ತೆ. ಪಾಲಿಸಿ ಬದಲಿಸೋದನ್ನ ಕಲಿಸೋ ಬದಲು ‘ಕಮಾಂಡ್ ಪ್ರಾಂಪ್ಟ್ ತೆಗೆಯಿರಿ’ ಅಂತ ರೀಡ್‌ಮಿಯಲ್ಲೇ ಬರೆಯಿರಿ, ಅಲ್ಲಿ ಆ ತಕರಾರಿಲ್ಲ. ಎರಡನೇದು ನಮ್ಮ ಕನ್ನಡದವರಿಗೇ ಕಾದಿರೋದು: ಕನ್ನಡ ಇರುವ ಫೈಲನ್ನ ಪೈಥಾನ್‌ನಲ್ಲಿ ಓಪನ್ ಮಾಡುವಾಗ ಎನ್‌ಕೋಡಿಂಗ್ ಹೇಳದಿದ್ದರೆ ಲಿನಕ್ಸ್‌ನಲ್ಲಿ ಸರಿಯಾಗಿ ಓಡುತ್ತೆ, ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಸಿಪಿ1252 (ಕನ್ನಡ ಇಲ್ಲದ ಹಳೇ ಅಕ್ಷರ ಸಂಕೇತ) ಅಂದುಕೊಂಡು ಯೂನಿಕೋಡ್ ಡಿಕೋಡ್ ಎರರ್ ಕೊಡುತ್ತೆ. ಪ್ರತಿ ಓಪನ್‌ಗೂ ಯುಟಿಎಫ್-8 ಅಂತ ಬರೆಯಿರಿ. ಮೂರನೇದು ಸಾಲಿನ ಕೊನೆ. ವಿಂಡೋಸ್ ಗಿಟ್ ಅದನ್ನ ಬದಲಿಸಿದರೆ ಶೆಲ್ ಸ್ಕ್ರಿಪ್ಟ್‌ಗಳು ‘ಬ್ಯಾಡ್ ಇಂಟರ್‌ಪ್ರಿಟರ್’ ಅಂತ ಸಾಯ್ತವೆ. ಗಿಟ್ ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಶೆಲ್ ಸ್ಕ್ರಿಪ್ಟ್‌ಗೆ ಎಲ್‌ಎಫ್ (ಲಿನಕ್ಸ್ ಥರದ ಸಾಲಿನ ಕೊನೆ) ಅಂತ ಕಟ್ಟಿಹಾಕಿ.

ರೆಪೊ (ಕೋಡಿನ ಸಂಗ್ರಹ) ದಪ್ಪ ಇದ್ದರೆ ಅದನ್ನ ಇಳಿಸಿಕೊಳ್ಳೋ ಕ್ಲೋನ್ ಕಮಾಂಡಿಗೆ ಡೆಪ್ತ್ 1 ಸೇರಿಸಿ ಕೊಡಿ, ಕೊನೆಯ ಆವೃತ್ತಿಯಷ್ಟೇ ಇಳಿಯುತ್ತೆ. ಹಿಂದೆ ಹಾಕಿ ಅಳಿಸಿದ ಫೋಟೊಗಳೂ ಇತಿಹಾಸದಲ್ಲಿ ಕೂತಿರ್ತವೆ, ಪೂರ್ತಿ ಕ್ಲೋನ್ ಮಾಡಿದರೆ ಅವೂ ಇಳೀತವೆ.

ಇಷ್ಟಾದ ಮೇಲೆ ವಿಂಡೋಸ್‌ನಲ್ಲಿ ಹೊಸ ಯೂಸರ್ ಅಕೌಂಟ್ ಮಾಡಿ, ರೀಡ್‌ಮಿ ಬಿಟ್ಟು ಬೇರೇನೂ ನೋಡದೆ ನೀವೇ ಒಮ್ಮೆ ಗಡಿಯಾರ ಇಟ್ಟು ಮಾಡಿ ನೋಡಿ.

ಕೊಪ್ಪಳ_ಕಿನ್ನಾಳ

ಸೆಟಪ್ ಬಗ್ಗೆ ಮ್ಯಾಲಿನವ್ರು ಹೇಳಿದ್ದು ಬರೋಬ್ಬರಿ. ನಾ ಇಶ್ಯೂ ಬಗ್ಗೆ ಹೇಳ್ತೀನಿ.

ಲೇಬಲ್ ಹೆಸರು ಇಂಗ್ಲಿಷಿನ್ಯಾಗ, ಗಿಟ್‌ಹಬ್ ಕೊಟ್ಟಂಗ ಇರ್ಲಿ, ಇಲ್ಲಂದ್ರ ಹೊಸಬರಿಗೆ ಅಂತ ಅದು ತೋರಿಸೋ ಪಟ್ಟಿಗೆ ಬರಾಂಗಿಲ್ಲ. ಪಕ್ಕಕ್ಕ ‘ಮೊದಲ ಕೆಲಸ’ ಅಂತ ಕನ್ನಡದ್ದೊಂದು ಹಾಕ್ರಿ. ಆದ್ರ ‘ಸರ್ಚ್ ಸರಿ ಇಲ್ಲ, ಸರಿಪಡಿಸಿ’ ಅಂತ ಒಂದು ಸಾಲು ಬರೆದು ಲೇಬಲ್ ಅಂಟಿಸಿದ್ರ ಹುಡುಗ್ರು ಎಲ್ಲಿಂದ ಶುರು ಮಾಡಬೇಕು? ಹಿಂಗ ಬರೀರಿ:

“ಬೆಳೆ ಹುಡುಕಾಟದಾಗ ‘ಸೂರ್ಯಕಾಂತಿ’ ಅಂತ ಹೊಡೆದ್ರ ‘ಸೂರ‍್ಯಕಾಂತಿ’ ಅಂತ ತುಂಬಿರೋ ಸಾಲು ಸಿಗಂಗಿಲ್ಲ. ಕಾರಣ, ಎರಡನೇದ್ರಾಗ ರ ಆದಮ್ಯಾಲೆ ಕಣ್ಣಿಗೆ ಕಾಣದ ಜೀರೋ ವಿಡ್ತ್ ಜಾಯ್ನರ್ ಐತಿ, ಯೂನಿಕೋಡ್ 200ಡಿ. ಸರ್ಚ್ ಫೈಲಿನ್ಯಾಗ ಹೋಲಿಸೋ ಫಂಕ್ಷನ್ ಒಂದೇ ಐತಿ. ಹೋಲಿಸೋ ಮೊದ್ಲು ಎರಡೂ ಕಡೆಯಿಂದ 200ಸಿ (ಇಂಥಾದ್ದೇ ಕಾಣದ ನಾನ್ ಜಾಯ್ನರ್), 200ಡಿ ತೆಗೀಬೇಕು. ಎನ್‌ಎಫ್‌ಸಿ ನಾರ್ಮಲೈಸೇಶನ್ (ಒಂದೇ ಅಕ್ಷರದ ಬ್ಯಾರೆ ಬ್ಯಾರೆ ಯೂನಿಕೋಡ್ ರೂಪ ಒಂದು ಮಾಡೋದು) ಇವನ್ನ ತೆಗೆಯಂಗಿಲ್ಲ, ಅದನ್ನ ನಂಬಬ್ಯಾಡ್ರಿ. ಟೆಸ್ಟ್ ಫೈಲಿನ್ಯಾಗ ಈ ಎರಡೂ ಪದ ಸೇರಿಸಿ ಓಡಿಸಿ ತೋರಿಸ್ರಿ. ಪೈಥಾನ್ ಸ್ಟ್ರಿಂಗ್ ಗೊತ್ತಿದ್ರ ಸಾಕು.”

ಇಂಥಾದು ಬರಿಯಾಕ ಮುಕ್ಕಾಲು ತಾಸು ಬೇಕು, ನೀವೇ ಸರಿ ಮಾಡಿದ್ರ 10 ನಿಮಿಷ. ಬ್ಯಾಸರಾ ಮಾಡ್ಕೊಂಡು ನೀವೇ ಮಾಡಿ ಮುಗಿಸಬ್ಯಾಡ್ರಿ. ಇಂಥಾವು ಯಾವಾಗ್ಲೂ 4-5 ತೆರೆದಿರ್ಲಿ. ‘ನಾ ಮಾಡ್ತೀನಿ’ ಅಂದವರ ಹೆಸರಿಗೆ 7 ದಿನ ಇಡ್ರಿ, ಸುದ್ದಿ ಇಲ್ಲಂದ್ರ ಒಂದು ಮಾತು ಕೇಳಿ ಮತ್ತ ಖಾಲಿ ಬಿಡ್ರಿ. ಸೆಮಿಸ್ಟರ್ ಪರೀಕ್ಷೆ ಹತ್ರ ಇದ್ದಾಗ 7 ಸಾಲಂಗಿಲ್ಲ, ಅದು ನಿಮಗೂ ಗೊತ್ತು.

ಅಕ್ಷರ ತಿದ್ದೋ ಕೆಲಸದ ಆಸೆ ತೋರಿಸಬ್ಯಾಡ್ರಿ. 2020ರ ಹ್ಯಾಕ್ಟೋಬರ್‌ಫೆಸ್ಟ್ ಅನ್ನೋ ಓಪನ್ ಸೋರ್ಸ್ ಅಭಿಯಾನದಾಗ ಟೀ ಶರ್ಟಿನ ಆಸೆಗೆ ಉಪಯೋಗಿಲ್ಲದ ಪುಲ್ ರಿಕ್ವೆಸ್ಟ್ (ತಿದ್ದಿದ್ದನ್ನ ಸೇರಿಸ್ಕೊಳ್ರಿ ಅನ್ನೋ ಕೋರಿಕೆ) ಎಷ್ಟು ಬಂದ್ವು ಅಂದ್ರ, ಒಪ್ಪಿದ ಪ್ರಾಜೆಕ್ಟುಗಳಷ್ಟೇ ಲೆಕ್ಕಕ್ಕ ಅಂತ ನಡುವೇ ನಿಯಮ ಬದಲಿಸಬೇಕಾತು.

ಭಾಷೆ: ವಿವರಣೆ ಕನ್ನಡದಾಗ, ಕಮಾಂಡ್ ಮತ್ತ ಎರರ್ ಇದ್ದಂಗೇ ಇಂಗ್ಲಿಷಿನ್ಯಾಗ. ಎರರ್ ಫೋಟೊ ಹೊಡೆದು ಹಾಕಂಗಿಲ್ಲ, ಅಕ್ಷರದಾಗ ಅಂಟಿಸಬೇಕು, ಹುಡುಕಿದ್ರ ಸಿಗಬೇಕಲ್ಲ. ‘ಪುಲ್ ರಿಕ್ವೆಸ್ಟ್’ಗೆ ಕನ್ನಡ ಪದ ಕಟ್ಟಾಕ ಹೋಗಬ್ಯಾಡ್ರಿ, ಹುಡುಗ್ರಿಗೆ ಇನ್ನೊಂದು ಅರ್ಥಕೋಶ ಬೇಕಾಗ್ತೈತಿ.

ಕಿವಿಮಾತು, ಗಂಗಾವತಿ

ಸ್ಕ್ರೀನ್ ರೀಡರ್ (ಪರದೆಯ ಮೇಲಿನದ್ದನ್ನು ಓದಿ ಹೇಳುವ ತಂತ್ರಾಂಶ) ಬಳಸುವವರೂ ಹೊಸಬರೇ, ಅವರನ್ನು ಮರೆಯಬೇಡಿ. ನಿಮ್ಮ ಪುಟದ ಎಚ್‌ಟಿಎಂಎಲ್ ಟ್ಯಾಗಿನಲ್ಲಿ ಭಾಷೆ ‘ಇಎನ್’ ಅಂತಲೇ ಉಳಿದಿದ್ದರೆ ಸ್ಕ್ರೀನ್ ರೀಡರ್ ಕನ್ನಡವನ್ನು ಇಂಗ್ಲಿಷ್ ದನಿಯಲ್ಲಿ ಓದಲು ಹೋಗಿ ಎಡವುತ್ತದೆ. ‘ಕೆಎನ್’ ಮಾಡಿ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತ, ಅದೂ ಓಪನ್ ಸೋರ್ಸ್. ಅದರ ಜೊತೆ ಬರುವ ಇಸ್ಪೀಕ್ ಎನ್‌ಜಿ ಎಂಬ ದನಿ ಎಂಜಿನ್ನಿನಲ್ಲಿ ಕನ್ನಡ ದನಿ ಇದೆ. ಮಾನಿಟರ್ ಆಫ್ ಮಾಡಿ, ಮೌಸ್ ಮುಟ್ಟದೆ ಟ್ಯಾಬ್ ಕೀಲಿಯಲ್ಲೇ ಒಂದು ಚೀಲದ ಲೆಕ್ಕ ಹಾಕಿ ನೋಡಿ, ಇಶ್ಯೂಗಳು ತಾವಾಗಿಯೇ ಹುಟ್ಟುತ್ತವೆ. ತಿಳಿ ಬೂದು ಅಕ್ಷರಗಳಿದ್ದರೆ ಹಿನ್ನೆಲೆಯ ಜೊತೆ ಕನಿಷ್ಠ 4.5:1 ವ್ಯತ್ಯಾಸ ಇರಲಿ.

ಕೋಡ್ ಬಾರದವರಿಗೆ ಅನುವಾದದ ಕೆಲಸ ಕೊಡಿ, ವೆಬ್‌ಲೇಟ್ ಎಂಬ ಅನುವಾದದ ಸಾಧನದಲ್ಲಿ ಬ್ರೌಸರಿನಿಂದಲೇ ಆಗುತ್ತದೆ. ಆದರೆ ಮೊದಲು ನಿಮ್ಮ ವಾಕ್ಯ ಜೋಡಿಸುವ ರೀತಿ ನೋಡಿ. ಊರ ಹೆಸರಿಗೆ ‘ಇಂದ’ ಅಂಟಿಸುವ ಕೋಡ್ ಇದ್ದರೆ ಕೆಟ್ಟಿತು: ರಾಯಚೂರಿನಿಂದ, ಬಳ್ಳಾರಿಯಿಂದ, ಕೊಪ್ಪಳದಿಂದ, ನಮ್ಮ ಮೂರು ಜಿಲ್ಲೆಗೇ ಮೂರು ಥರ. ‘ಎಲ್ಲಿಂದ: ಕೊಪ್ಪಳ’ ಅಂತ ಬಿಡಿಸಿ ಇಟ್ಟರೆ ಅನುವಾದಕರು ಬಚಾವ್.

ಕೋಟೆಗುಡ್ಡ, ಬಳ್ಳಾರಿ

ಲ್ಯಾಬ್ ಪ್ರಶ್ನೆ ಉಳಿದಿತ್ತು. ಕಾಲೇಜ್ ನೆಟ್‌ವರ್ಕ್‌ನಲ್ಲಿ ಎಸ್ಎಸ್ಎಚ್ ಬಳಸುವ ಪೋರ್ಟ್ 22 ಬಂದ್ ಇರೋದೇ ಜಾಸ್ತಿ, ಎಸ್ಎಸ್ಎಚ್ ಬೇಡ, ಎಚ್‌ಟಿಟಿಪಿಎಸ್ ಬಳಸಿ. ಗಿಟ್‌ಹಬ್ 2021ರ ಆಗಸ್ಟ್‌ನಿಂದ ಪುಶ್‌ಗೆ (ಕೋಡ್ ಮೇಲೇರಿಸೋದಕ್ಕೆ) ಪಾಸ್‌ವರ್ಡ್ ಒಪ್ಪಲ್ಲ. ಗಿಟ್ ಫಾರ್ ವಿಂಡೋಸ್ ಜೊತೆ ಬರುವ ಕ್ರೆಡೆನ್ಷಿಯಲ್ ಮ್ಯಾನೇಜರ್ ಬ್ರೌಸರ್ ತೆಗೆದು ಲಾಗಿನ್ ಮಾಡಿಸುತ್ತೆ. ಅದೇ ಆಮೇಲೆ ಮುಳುವಾಗುತ್ತೆ: ಲಾಗಿನ್ ಆ ಪಿಸಿಯಲ್ಲೇ ಉಳಿದು, ಮುಂದಿನ ಬ್ಯಾಚಿನ ಹುಡುಗಿಯ ಪುಶ್ ಹಿಂದಿನ ಹುಡುಗನ ಅಕೌಂಟಿನಿಂದ ಹೋಗುತ್ತೆ. ಏಳುವ ಮುನ್ನ ವಿಂಡೋಸ್ ಕ್ರೆಡೆನ್ಷಿಯಲ್ ಮ್ಯಾನೇಜರಿನಲ್ಲಿ ಗಿಟ್‌ಹಬ್ ಸಾಲು ಅಳಿಸಿ, ಗಿಟ್‌ನ ಹೆಸರು, ಇಮೇಲ್ ಗ್ಲೋಬಲ್ ಇಡದೆ ಆ ಫೋಲ್ಡರಿಗಷ್ಟೇ ಇಡಿಸಿ.

ಪ್ಯಾಕೇಜುಗಳನ್ನ ಹಿಂದಿನ ದಿನವೇ ಪಿಪ್ ಡೌನ್‌ಲೋಡ್‌ನಿಂದ ಪೆನ್‌ಡ್ರೈವಿಗೆ ಇಳಿಸಿ. ಲ್ಯಾಬಿನಲ್ಲಿ ‘ನೋ ಇಂಡೆಕ್ಸ್’, ‘ಫೈಂಡ್ ಲಿಂಕ್ಸ್’ ಆಯ್ಕೆ ಕೊಟ್ಟರೆ ನೆಟ್ ಇಲ್ಲದೆ ಇನ್‌ಸ್ಟಾಲ್ ಆಗುತ್ತೆ. ಇಳಿಸಿದ ಮಷಿನ್ನಿನ ಪೈಥಾನ್ ಆವೃತ್ತಿ ಲ್ಯಾಬಿನದ್ದೇ ಇರಬೇಕು, ಇಲ್ಲದಿದ್ದರೆ ವೀಲ್ ಫೈಲ್ (ಇಳಿಸಿದ ಪ್ಯಾಕೇಜಿನ ಫೈಲ್) ಹೊಂದಲ್ಲ.

ಹತ್ತಿಕಾಳು, ರಾಯಚೂರು

ಬಹಳ ಉಪಕಾರ ಆಯ್ತು ರೀ ಎಲ್ಲಾರ್ದೂ. ಇನ್ನೊಂದು: ಪುಲ್ ರಿಕ್ವೆಸ್ಟ್ ಬಂದ ಮೇಲೆ ನಮ್ಮ ಕಡೆಯಿಂದ ಏನು ತಪ್ಪಾಗ್ತದ?

ಕೊಪ್ಪಳ_ಕಿನ್ನಾಳ

ತಡ. 2 ದಿನದಾಗ ‘ನೋಡೀನಿ, ಐತವಾರ ಕೂತು ಓದ್ತೀನಿ’ ಅಂತನಾದ್ರೂ ಬರೀರಿ. ಮೊದಲ ಸಲ ಕಳಿಸಿದವರ ಕೋಡಿನ ಪರೀಕ್ಷೆ ಗಿಟ್‌ಹಬ್ ಆ್ಯಕ್ಷನ್ಸ್‌ನ್ಯಾಗ ಸಾಮಾನ್ಯವಾಗಿ ನೀವು ಅಪ್ರೂವ್ ಒತ್ತೋತನಕ ಓಡಂಗಿಲ್ಲ. ಅವ್ರು ತಮ್ಮ ಕೋಡೇ ಕೆಟ್ಟೈತಿ ಅಂದ್ಕೊಂಡು ಸುಮ್ಮನಾಗ್ತಾರ. ಸ್ಪೇಸ್, ಇಂಡೆಂಟ್ ಬಗ್ಗೆ ಮನುಷ್ಯರು ಕಾಮೆಂಟ್ ಹಾಕಬಾರದು, ಬ್ಲ್ಯಾಕ್ ಅನ್ನೋ ಕೋಡ್ ಫಾರ್ಮ್ಯಾಟರ್ ತಾನಾಗೇ ಮಾಡ್ಲಿ. ಸಣ್ಣ ತಪ್ಪು ಉಳಿದ್ರ ಆರನೇ ಕಾಮೆಂಟ್ ಬರಿಯೋ ಬದಲು ಅವರ ಬ್ರ್ಯಾಂಚಿಗೇ ನೀವು ಒಂದು ಕಮಿಟ್ (ತಿದ್ದುಪಡಿ) ಹಾಕಿ ಮರ್ಜ್ ಮಾಡ್ರಿ, ಅಂದ್ರ ಮೂಲ ಕೋಡಿಗೆ ಸೇರಿಸ್ರಿ. ‘ಮೇಂಟೇನರ್ ತಿದ್ದಬಹುದು’ ಅನ್ನೋ ಟಿಕ್ ಸಾಮಾನ್ಯವಾಗಿ ಹಾಕೇ ಇರ್ತೈತಿ, ಅವರ ಹೆಸರೂ ಅಳಿಯಂಗಿಲ್ಲ.

ಎರಡನೇ ಸಲಕ್ಕ ಹುಡುಗ್ರು ಸಿಕ್ಕೊಳ್ಳೋದು ಇಲ್ಲಿ: ಮೊದಲ ಕೆಲಸ ಫೋರ್ಕಿನ ಮೇನ್ ಬ್ರ್ಯಾಂಚಿನ್ಯಾಗ ಮಾಡಿರ್ತಾರ, ಎರಡನೇ ಪುಲ್ ರಿಕ್ವೆಸ್ಟಿನ್ಯಾಗ ಹಳೇ ಕಮಿಟ್ಟೂ ಬರಬಹುದು. ಮೊದಲನೇದು ಮರ್ಜ್ ಆದ ದಿನಾನೇ ‘ಸಿಂಕ್ ಫೋರ್ಕ್ ಒತ್ರಿ, ಹೊಸ ಬ್ರ್ಯಾಂಚ್ ಮಾಡ್ರಿ’ ಅಂತ ಬರೆದು, ಜೊತೆಗೇ ಮುಂದಿನ ಇಶ್ಯೂದ ನಂಬರ್ ಕೊಡ್ರಿ.