ಯು ಇಲ್ಲದ ಕ್ಯೂ ಪದಗಳು: ಅರ್ಥ ಸಮೇತ ನೆನಪಿನಲ್ಲಿ ಉಳಿಸುವುದು ಹೇಗೆ?

ಪ್ರಶ್ನೆ

ನನ್ನ ಹನ್ನೆರಡು ವರ್ಷದ ಮಗಳಿಗೆ ಸ್ಕ್ರ್ಯಾಬಲ್, ಅಂದರೆ ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಇಂಗ್ಲಿಷ್ ಪದ ಕಟ್ಟುವ ಆಟ, ಎಂದರೆ ಪ್ರಾಣ. ಆದರೆ ಕ್ಯೂ ಅಕ್ಷರದ ಬಿಲ್ಲೆ ಬಂದು, ಜೊತೆಗೆ ಯು ಸಿಗದಿದ್ದರೆ ಕೈ ಕಟ್ಟಿ ಕೂರುತ್ತಾಳೆ. ಯು ಬೇಡದ ಕ್ಯೂ ಪದಗಳ ಪಟ್ಟಿಯೊಂದನ್ನು ಬರೆದುಕೊಟ್ಟೆ. ಎರಡು ದಿನ ಬಾಯಿಪಾಠ ಮಾಡಿದಳು, ಮೂರನೆಯ ದಿನ ಎಲ್ಲವೂ ಕಲಸಿಹೋಯಿತು. ಅರ್ಥವಂತೂ ಒಂದೂ ಉಳಿದಿಲ್ಲ. ಕಲಿತವರು, ಕಲಿಸಿದವರು ಹೇಗೆ ಮಾಡಿದಿರಿ? ದಯವಿಟ್ಟು ತಿಳಿಸಿ.

ನಿವೃತ್ತ ಶಿಕ್ಷಕಿಯೊಬ್ಬರ ಉತ್ತರ

ಮೊದಲು ಆ ಪಟ್ಟಿಯನ್ನು ಎತ್ತಿಡಿ ತಾಯಿ. ನಾನೂ ವರ್ಷಗಟ್ಟಲೆ ಪಟ್ಟಿ ಕೊಟ್ಟು ಸೋತವಳು. ಒಮ್ಮೆ ಎಫ್-ಎ-ಕ್ಯೂ-ಐ-ಆರ್ ಎಂದು ಹಲಗೆಯ ಮೇಲೆ ಬರೆದಾಗ ಹಿಂದಿನ ಸಾಲಿನ ಹುಡುಗನೊಬ್ಬ, "ಟೀಚರ್, ಇದು ಫಕೀರ ಅಲ್ಲವೇ?" ಎಂದು ಕೇಳಿದ. ಹೌದು, ಫಕೀರನೇ! ಅಂದಿನಿಂದ ನಾನು ಕಲಿಸುವ ರೀತಿಯೇ ಬದಲಾಯಿತು.

ಅರಬ್ಬಿಯಲ್ಲಿ ಕಾಫ್ ಎಂಬ ಅಕ್ಷರವಿದೆ. ಅದು ಕಿರುನಾಲಿಗೆಯ ಬಳಿ, ಗಂಟಲಿನ ಆಳದಲ್ಲಿ ಹುಟ್ಟುವ ಕ-ಕಾರ. ಆ ಧ್ವನಿ ಇಂಗ್ಲಿಷಿನಲ್ಲಿ ಇಲ್ಲದ ಕಾರಣ ಲಿಪ್ಯಂತರ ಮಾಡುವವರು ಅದನ್ನು ಕ್ಯೂ ಅಕ್ಷರದಿಂದ ಗುರುತಿಸಿದರು. ನಾವು ಕನ್ನಡದಲ್ಲಿ ಅದನ್ನೇ ಕ ಅಥವಾ ಖ ಎಂದು ಒಗ್ಗಿಸಿಕೊಂಡಿದ್ದೇವೆ. ಹಾಗಾಗಿ ಈ ಪಟ್ಟಿಯ ಎಷ್ಟೋ ಪದಗಳು ನಿಮ್ಮ ಮಗಳಿಗೆ ಈಗಾಗಲೇ ಗೊತ್ತು. ಬುರ್ಖಾ, ನಿಖಾಬ್, ತಲಾಖ್ ಮೂರರಲ್ಲೂ ಖ ಇರುವ ಜಾಗದಲ್ಲಿ ಕ್ಯೂ ಇಟ್ಟರೆ ಸಾಕು. ಕ್ಯೂ-ಎ-ಡಿ-ಐ ಎಂದರೆ ನಮ್ಮ ಖಾಜಿ, ಇಸ್ಲಾಮೀ ನ್ಯಾಯಾಧೀಶ.

ನನಗೆ ತುಂಬಾ ಪ್ರಿಯವಾದದ್ದು ಕ್ಯೂ-ಎ-ಎನ್-ಯು-ಎನ್. ಇದರಲ್ಲಿ ಯು ಇದೆ, ಆದರೆ ಕ್ಯೂ ಪಕ್ಕದಲ್ಲಿಲ್ಲ. ಇಂಗ್ಲಿಷ್ ನಿಘಂಟಿನಲ್ಲಿ ಇದು ಅರಬ್ ಸಂಗೀತದ ಒಂದು ತಂತಿವಾದ್ಯ. ಮಡಿಲಲ್ಲೋ ಮೇಜಿನ ಮೇಲೋ ಇಟ್ಟು ಮೀಟುತ್ತಾರೆ. ನಾವು ದಿನನಿತ್ಯ ಆಡುವ 'ಕಾನೂನು' ಕೂಡ ಇದೇ ಅರಬ್ಬಿ ಪದ. ಅದರ ಮೂಲ ಗ್ರೀಕಿನಲ್ಲಿದೆ, ಅಲ್ಲಿ ಅಳತೆಗೋಲು, ನಿಯಮ ಎಂಬ ಅರ್ಥ. ಇದನ್ನು ಹೇಳಿದ ದಿನ ತರಗತಿಯಲ್ಲಿ ಯಾರೂ ಬರೆದುಕೊಳ್ಳಲಿಲ್ಲ, ಆದರೂ ಮರೆತವರಿಲ್ಲ.

ಸ್ಪರ್ಧೆಗಳಲ್ಲಿ ಆಡುವವರೊಬ್ಬರು

ಮೊದಲು ಕ್ಯೂ-ಐ ಕಲಿಸಿ, ಉಳಿದದ್ದು ಆಮೇಲೆ. ಎರಡೇ ಅಕ್ಷರದ ಈ ಪದ ನನ್ನನ್ನು ಉಳಿಸಿದಷ್ಟು ಬೇರಾವುದೂ ಉಳಿಸಿಲ್ಲ. ಕ್ಯೂ ಬಿಲ್ಲೆಗೆ 10 ಅಂಕ. ಅದು ಕೈಯಲ್ಲೇ ಉಳಿದು ಆಟ ಮುಗಿದರೆ ಆ ಅಂಕ ನಮ್ಮ ಲೆಕ್ಕದಿಂದ ಕಳೆದುಹೋಗುತ್ತದೆ. ಚೀನೀಯರ ಚಿಂತನೆಯಲ್ಲಿ ದೇಹದೊಳಗೆ ಹರಿಯುವ ಜೀವಶಕ್ತಿಗೆ ಕ್ಯೂ-ಐ ಎಂದು ಹೆಸರು. ನಾವು 'ಪ್ರಾಣ' ಎನ್ನುವುದಕ್ಕೆ ಹತ್ತಿರ. ಉಚ್ಚಾರ 'ಕಿ' ಅಲ್ಲ, 'ಚೀ'. ಚೀನೀ ಭಾಷೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲು ಚೀನಾ 1958ರಲ್ಲಿ ಒಪ್ಪಿಕೊಂಡ ಪಿನ್‌ಯಿನ್ ಬರವಣಿಗೆಯಲ್ಲಿ ಕ್ಯೂ ಅಕ್ಷರ ಚ-ಕಾರವನ್ನು ಹೋಲುವ ಧ್ವನಿಗೆ ನಿಲ್ಲುತ್ತದೆ. ಹಾಗಾಗಿ ಮೇಲಿನ ಟೀಚರ್ ಹೇಳಿದ ಕ-ಖ ಸೂತ್ರ ಈ ಪದಕ್ಕೆ ಹೊಂದುವುದಿಲ್ಲ.

ಇನ್ನೊಂದು ಮಾತು. ಯಾವ ಪದಪಟ್ಟಿಯಂತೆ ಆಡುತ್ತೀರಿ ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಿ. ಉತ್ತರ ಅಮೆರಿಕದ ಸ್ಪರ್ಧೆಗಳ ಪಟ್ಟಿಗೆ ಕ್ಯೂ-ಐ ಸೇರಿದ್ದೇ 2006ರಲ್ಲಿ. ಹಳೆಯ ನಿಘಂಟು ಹಿಡಿದು ಕೂತು ಜಗಳವಾಡಿದ ಮನೆಗಳನ್ನು ನಾನು ನೋಡಿದ್ದೇನೆ.

ಇಬ್ಬರು ಮಕ್ಕಳ ತಂದೆಯೊಬ್ಬರು

ನಾವು ಚಿತ್ರ ಬರೆದು ಕಲಿತೆವು. ಕ್ಯೂ-ಎ-ಎನ್-ಎ-ಟಿ, ಕನಾತ್. ಬೆಟ್ಟದ ಬುಡದ ಅಂತರ್ಜಲವನ್ನು ಬಯಲಿನ ಹೊಲಗಳಿಗೆ ತರುವ, ತುಸುವೇ ಇಳಿಜಾರಿರುವ ಸುರಂಗ ಕಾಲುವೆ. ಅಲ್ಲಲ್ಲಿ ಮೇಲಿನಿಂದ ಬಾವಿಯಂತೆ ಕೊರೆದ ರಂಧ್ರಗಳಿರುತ್ತವೆ. ಅಗೆದ ಮಣ್ಣು ಹೊರತೆಗೆಯಲು, ಒಳಗೆ ಗಾಳಿಯಾಡಲು. ನೀರೆತ್ತುವ ಯಂತ್ರವೇ ಬೇಡ, ನೀರು ತಾನಾಗಿಯೇ ಹರಿದು ಬರುತ್ತದೆ. ಇರಾನಿನ ಕನಾತ್‌ಗಳನ್ನು ಯುನೆಸ್ಕೊ 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮಗ ಬೆಟ್ಟ, ಸುರಂಗ, ರಂಧ್ರಗಳನ್ನು ಒಂದು ಹಾಳೆಯಲ್ಲಿ ಬರೆದು ಕೆಳಗೆ ಐದು ಅಕ್ಷರ ಬರೆದ. ಮತ್ತೆ ಕೇಳುವ ಅಗತ್ಯವೇ ಬರಲಿಲ್ಲ.

ಹಾಗೆಯೇ ಕ್ಯೂ-ಎ-ಟಿ: ಯೆಮನ್ ಮತ್ತು ಪೂರ್ವ ಆಫ್ರಿಕದಲ್ಲಿ ಜನ ಅಗಿಯುವ, ಉತ್ತೇಜನ ಕೊಡುವ ಒಂದು ಎಲೆ. ಕೆ-ಎಚ್-ಎ-ಟಿ ಎಂದೂ ಬರೆಯುತ್ತಾರೆ. ಒಂದೇ ಪದದ ಎರಡು ವೇಷಗಳನ್ನು ಒಟ್ಟಿಗೇ ತೋರಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಸಾರೆ ಧನ್ಯವಾದಗಳು. ಕಾನೂನಿನ ಕಥೆ ಕೇಳಿ ಮಗಳು ಹಿಗ್ಗಿದಳು. ಈಗ ಅವಳದೇ ಪ್ರಶ್ನೆ: ಇಷ್ಟೆಲ್ಲ ಪದಗಳಿಗೆ ಯು ಬೇಡವಾದರೆ, ಉಳಿದ ಕ್ಯೂ ಪದಗಳಿಗೆ ಅದು ಅಂಟಿಕೊಂಡದ್ದಾದರೂ ಹೇಗೆ?

ನಿವೃತ್ತ ಶಿಕ್ಷಕಿ

ಎಂಥ ಒಳ್ಳೆಯ ಪ್ರಶ್ನೆ! ಹಳೆಯ ಇಂಗ್ಲಿಷಿನಲ್ಲಿ ಕ್ವೀನ್ ಪದಕ್ಕೆ ಕ್ಯೂ ಇರಲೇ ಇಲ್ಲ. ಸಿ-ಡಬ್ಲ್ಯು-ಇ-ಎನ್ ಎಂಬಂತೆ ಬರೆಯುತ್ತಿದ್ದರು. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ, ಫ್ರೆಂಚ್ ರೂಢಿಯಲ್ಲಿ ಪಳಗಿದ ಲಿಪಿಕಾರರು ಆ 'ಕ್ವ' ಧ್ವನಿಗೆ ಲ್ಯಾಟಿನ್ ಪದ್ಧತಿಯಂತೆ ಕ್ಯೂ-ಯು ಬರೆಯತೊಡಗಿದರು. ಫಕೀರ, ಖಾಜಿ, ಚೀ ಇಂಗ್ಲಿಷಿಗೆ ಬಂದದ್ದು ಆ ಲಿಪಿಕಾರರ ಕಾಲ ಕಳೆದು ಎಷ್ಟೋ ಶತಮಾನಗಳ ನಂತರ. ಇದನ್ನು ಅವಳಿಗೆ ಹೇಳಿ, ಕ್ವೀನ್ ಪದವನ್ನು ಹಳೆಯ ರೀತಿಯಲ್ಲೊಮ್ಮೆ ಬರೆಯಲು ಕೊಡಿ.